ವೇರಿಯಂಟ್, ಅಪ್‌ಗ್ರೇಡ್, ಫಂಡಿಂಗ್: ಕನ್ನಡದಲ್ಲಿ ಏನಂತೀರಿ?

ಗೆಳೆಯರೇ,

ಸೇನೆಯ ಹೆಲಿಕಾಪ್ಟರ್‌ಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮೇಲಿನ ಮೂರು ಪದಗಳ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿದೆ.

ಬರೆಯುತ್ತಿರುವುದು ನಮ್ಮ ಎಚ್‌ಎಎಲ್‌ನ ಧ್ರುವದ ಮೇಲೆ. 1992ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಮಾರ್ಕ್-1ರಲ್ಲಿ ಪೈಲಟ್ ಮುಂದೆ ಮುಳ್ಳಿನ ಡಯಲ್‌ಗಳಿದ್ದವು. ಮಾರ್ಕ್-2ರಲ್ಲಿ ಆ ಜಾಗಕ್ಕೆ ಪರದೆಗಳು ಬಂದವು. ಮಾರ್ಕ್-3ಕ್ಕೆ ಹೆಚ್ಚು ಬಲದ ‘ಶಕ್ತಿ’ ಎಂಜಿನ್ ಕೂರಿಸಿದರು. ಹಿಮಾಲಯದ ತೆಳು ಗಾಳಿಯಲ್ಲಿ ಭಾರ ಹೊರಬೇಕಲ್ಲ! ಮಾರ್ಕ್-4ಕ್ಕೆ ಮೂಗಿನ ಕೆಳಗೆ 20 ಮಿ.ಮೀ. ಗನ್, ಎರಡೂ ಪಕ್ಕ ರಾಕೆಟ್. ಅದರ ಹೆಸರೇ ಬೇರೆ, ರುದ್ರ.

ಇವನ್ನು ಏನೆನ್ನುವುದು? ‘ಮಾದರಿ’ ಅಂದರೆ ಸ್ಯಾಂಪಲ್ಲೂ ಹೌದು, ಮಾಡೆಲ್ಲೂ ಹೌದು, ‘ಮಾದರಿ ಶಾಲೆ’ಯೂ ಹೌದು. ‘ಆವೃತ್ತಿ’ ಅಂದರೆ ನನಗೆ ಪತ್ರಿಕೆಯ ನಗರ ಆವೃತ್ತಿಯೇ ಕಣ್ಣಿಗೆ ಬರುತ್ತದೆ. ಆದರೂ 1, 2, 3 ಅಂತ ಒಂದರ ಹಿಂದೆ ಒಂದು ಬಂದವಕ್ಕೆ ಅದು ಒಗ್ಗುತ್ತದೆ. ಕಷ್ಟ ಶುರುವಾಗುವುದು ಎಚ್‌ಎಎಲ್‌ನದೇ ದಾಳಿ ಹೆಲಿಕಾಪ್ಟರ್ ಪ್ರಚಂಡದಲ್ಲಿ. ಎಂಜಿನ್ ಅದೇ ಶಕ್ತಿ, ರೆಕ್ಕೆ ತಿರುಗಿಸುವ ಏರ್ಪಾಡೂ ಬಹುಪಾಲು ಧ್ರುವದ್ದೇ. ಮೈ ಮಾತ್ರ ಹೊಸದು, ಕಿರಿದು. ಇಬ್ಬರು ಪೈಲಟ್‌ಗಳು ಹಿಂದೆ ಮುಂದೆ ಕೂರುತ್ತಾರೆ. ಇದು ಧ್ರುವದ ಆವೃತ್ತಿಯಲ್ಲ, ಪೂರಾ ಬೇರೆಯೂ ಅಲ್ಲ. ನನಗೆ ‘ತಳಿ’ ಅನ್ನಬೇಕು ಅನಿಸುತ್ತದೆ. ಇಂಡಾಫ್ ರಾಗಿ ನೆನಪಿದೆಯಲ್ವಾ, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಹುಟ್ಟಿದ್ದು? ಹಾಗೆ. ಉಸಿರಿಲ್ಲದ ಯಂತ್ರಕ್ಕೆ ತಳಿ ಎಂಥದು ಎಂದು ಮನೆಯಲ್ಲೇ ನಕ್ಕರು.

‘ಅಪ್‌ಗ್ರೇಡ್’ ಇನ್ನೂ ಮಜಾ. ‘ಮೇಲ್ದರ್ಜೆಗೇರಿಸು’ ಅಂದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರ ತಾಲ್ಲೂಕು ಆಸ್ಪತ್ರೆಯಾದ ಹಾಗೆ ಕೇಳುತ್ತದೆ. ‘ನವೀಕರಣ’ ಲೈಸೆನ್ಸಿಗೆ ಸರಿ. ‘ಸುಧಾರಿತ’ ಒಳ್ಳೆಯದೇ, ಆದರೆ ಧ್ರುವವನ್ನು ಪತ್ರಿಕೆಗಳು ಆಗಲೇ ‘ಸುಧಾರಿತ ಹಗುರ ಹೆಲಿಕಾಪ್ಟರ್’ ಎನ್ನುತ್ತವೆ. ನನ್ನ ಕರಡಿನಲ್ಲಿ ‘ಸುಧಾರಿತ ಸುಧಾರಿತ ಹಗುರ ಹೆಲಿಕಾಪ್ಟರ್’ ಬಂದು ಕೂತಿತ್ತು! ಹೊಡೆದುಹಾಕಿದೆ.

ಫಂಡಿಂಗ್‌ಗೆ ಸುಮ್ನೆ ‘ಅನುದಾನ’ ಎಂದು ಬರೆದಿದ್ದೆ, ಅದೂ ತಪ್ಪು. ಅನುದಾನ ಕೊಡುವುದು ಶಾಲೆಗೆ, ಪಂಚಾಯ್ತಿಗೆ. ಇಲ್ಲಿ ಸೇನೆ ದುಡ್ಡು ಕೊಟ್ಟು ಕೊಳ್ಳುತ್ತಿದೆ. 2022ರ ಮಾರ್ಚ್‌ನಲ್ಲಿ 15 ಪ್ರಚಂಡಗಳಿಗೆ 3,887 ಕೋಟಿ ರೂಪಾಯಿಗೆ ಸಂಪುಟ ಸಮಿತಿ ಕೊಟ್ಟಿದ್ದು ‘ಒಪ್ಪಿಗೆ’. 2025ರ ಮಾರ್ಚ್‌ನಲ್ಲಿ 156ಕ್ಕೆ ಸುಮಾರು 62,700 ಕೋಟಿಗೆ ಆಗಿದ್ದು ‘ಒಪ್ಪಂದ’. ವರ್ಷವರ್ಷ ಬಜೆಟ್ಟಿನಿಂದ ಕೈಗೆ ಬರುವ ದುಡ್ಡು ಇನ್ನೊಂದು. ಮೂರಕ್ಕೂ ಒಂದೇ ಪದ ಹುಡುಕುವುದೇ ದಡ್ಡತನ ಅನಿಸತೊಡಗಿದೆ.

ಎಚ್‌ಎಎಲ್‌ನಲ್ಲಿ ದುಡಿದವರು ಯಾರಾದರೂ ಇದ್ದರೆ ಹೇಳಿ: ಹಳೇ ಹೆಲಿಕಾಪ್ಟರನ್ನು ಹ್ಯಾಂಗರ್‌ಗೆ ತಂದು ಹೊಸ ಭಾಗ ಕೂರಿಸುವುದಕ್ಕೆ ನೀವು ನೀವೇ ಮಾತಾಡುವಾಗ ಕನ್ನಡದಲ್ಲಿ ಏನಂತೀರಿ? ‘ಅಪ್‌ಗ್ರೇಡ್ ಮಾಡ್ತೀವಿ’ ಅಂತಲೇ ಆದರೆ ಅದನ್ನೇ ಬರೆಯುತ್ತೇನೆ, ಬೇಜಾರಿಲ್ಲ.