ಎರೆ ಮಣ್ಣಿನ ಸೈಟ್: ರಿಪೋರ್ಟ್‌ನಲ್ಲಿ ನೆಲ ಗಟ್ಟಿ, ಪಕ್ಕದ ಮನೆಗಳಲ್ಲಿ ಬಿರುಕು

ಗದಗ_ಮನೆ: ಗದಗದ ಹತ್ತಿರ 30×40 ಸೈಟ್. ಎರಡು ಅಂತಸ್ತಿನ ಮನೆ. ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದೆ. ಒಂದೂವರೆ ಮೀಟರ್ ಆಳದಲ್ಲಿ ಎಸ್‌ಪಿಟಿ (ನೆಲದ ಗಟ್ಟಿತನ ನೋಡುವ ಪರೀಕ್ಷೆ) ಎನ್ ವ್ಯಾಲ್ಯೂ 18. ಗೌಂಡಿ "ಐದಡಿ ಪಾಯ ಸಾಕು" ಅನ್ನುತ್ತಾರೆ. ಆದರೆ ಅಕ್ಕಪಕ್ಕದ ಮನೆಗಳಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ರಿಪೋರ್ಟ್ ನಂಬಬಹುದಾ?

ಪಾಯದ_ಮಾತು: ರಿಪೋರ್ಟ್ ಸುಳ್ಳಲ್ಲ, ಮಾಡಿಸಿದ ತಿಂಗಳು ನೋಡಿ. ಎಸ್‌ಪಿಟಿಯಲ್ಲಿ ಕೊಳವೆಯೊಂದನ್ನು ನೆಲಕ್ಕೆ ಇಳಿಸಲು 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು, ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಏಟೇ ಎನ್. ಬೇಸಿಗೆಯ ಎರೆ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಮಳೆಗಾಲದಲ್ಲಿ ಅಲ್ಲೇ ಹೊಡೆದರೆ ಎನ್ ಇಳಿಯುತ್ತದೆ. ಅದೂ ಅಲ್ಲದೆ ನಿಮ್ಮ ಭಯ ಮನೆ ಕುಸಿಯುವುದಲ್ಲ, ಮಣ್ಣು ನೆನೆದು ಉಬ್ಬಿ ಪಾಯವನ್ನೇ ಎತ್ತುವುದು. ಅದನ್ನು ಎಸ್‌ಪಿಟಿ ಹೇಳುವುದಿಲ್ಲ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ಹೇಳುವ ಫ್ರೀ ಸ್ವೆಲ್ ಇಂಡೆಕ್ಸ್ ಇದೆಯಾ?

ಗದಗ_ಮನೆ: ಇಲ್ಲ.

ಪಾಯದ_ಮಾತು: ಹಾಗಾದರೆ ಮುಖ್ಯವಾದದ್ದೇ ಬಿಟ್ಟಿದ್ದಾರೆ. ಲ್ಯಾಬ್‌ಗೆ ಕೇಳಿ, ದೊಡ್ಡ ಕೆಲಸವೇನಲ್ಲ. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು ತಲಾ 10 ಗ್ರಾಂ, ಒಂದು ಜಾಡಿಯಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ಅಳೆಯುತ್ತಾರೆ. ಉದಾಹರಣೆಗೆ ನೀರಿನಲ್ಲಿ 18 ಮಿ.ಲೀ., ಸೀಮೆಎಣ್ಣೆಯಲ್ಲಿ 10 ಮಿ.ಲೀ. ಇದ್ದರೆ 10ಕ್ಕೆ 8 ಹೆಚ್ಚು, ಅಂದರೆ ಶೇ 80. ಶೇ 50 ದಾಟಿದರೆ ಸುಮ್ನೆ ಐದಡಿ ಪಾಯ ಹಾಕಬೇಡಿ.

ಗದಗ_ಮನೆ: ಶೇ 85 ಬಂತು! ಜೆಸಿಬಿಯಲ್ಲಿ ಒಂದು ಮೂಲೆ ಅಗೆಸಿದೆ, ಎಂಟಡಿಗೆ ಗರಸು ಸಿಕ್ಕಿತು. ಗೌಂಡಿ ಈಗ ಐದಡಿಗೇ ನಿಲ್ಲಿಸಿ ಕೆಳಗೆ ಮರಳು ತುಂಬೋಣ ಅನ್ನುತ್ತಾರೆ.

ಪಾಯದ_ಮಾತು: ಮರಳು ಬೇಡ. ನೀರು ಅದರೊಳಗೇ ನಿಂತು ಸುತ್ತಲಿನ ಎರೆಗೆ ಇಳಿಯುತ್ತದೆ. ಎಂಟಡಿಗೇ ಗರಸು ಸಿಕ್ಕಿದ್ದು ನಿಮ್ಮ ಪುಣ್ಯ, ಪಾಯವನ್ನು ಅಲ್ಲಿಗೇ ಇಳಿಸಿ. ಇನ್ನೂ ಆಳದಲ್ಲಿದ್ದರೆ ಅಂಡರ್‌ರೀಮ್ಡ್ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಬೇಕಾಗುತ್ತಿತ್ತು: ಸುಮಾರು 3.5 ಮೀಟರ್ ಆಳ, ಬುಡದಲ್ಲಿ ಪೈಲ್‌ನ ಎರಡೂವರೆ ಪಟ್ಟು ಅಗಲದ ಗಡ್ಡೆ. ಎದುರು ಮೂಲೆಯನ್ನೂ ಅಗೆದು ನೋಡಿ, ಗರಸು ಎಲ್ಲ ಕಡೆ ಒಂದೇ ಆಳದಲ್ಲಿರಲ್ಲ. ಗುಂಡಿಗೆ ಮಾತ್ರ ಯಾರೂ ಇಳಿಯಬೇಡಿ, ಎರೆಯ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ.

ಹುಬ್ಬಳ್ಳಿ_ಸೈಟ್: ನೆಲದಡಿಯೂ ಅಗೆದ ಎರೆಯನ್ನೇ ವಾಪಸ್ ತುಂಬಬೇಡಿ, ಗರಸು ಹಾಕಿ ಪದರ ಪದರವಾಗಿ ಒತ್ತಿಸಿ. ಇಲ್ಲದಿದ್ದರೆ ಗೋಡೆ ನಿಲ್ಲುತ್ತದೆ, ಟೈಲ್ಸ್ ಏಳುತ್ತದೆ. ಬಚ್ಚಲ ನೀರು ಪಾಯದ ಪಕ್ಕ ಇಂಗದಂತೆಯೂ ನೋಡಿ.

ಗದಗ_ಮನೆ: ಎದುರು ಮೂಲೆಯಲ್ಲಿ ಒಂಬತ್ತಡಿಗೆ ಸಿಕ್ಕಿತು. ಡ್ರಾಯಿಂಗ್ ಬದಲಿಸಲು ಇಂಜಿನಿಯರ್‌ಗೆ ಕೊಟ್ಟಿದ್ದೇನೆ. ಗೌಂಡಿಗೆ ಸ್ವಲ್ಪ ಮುನಿಸು.