ನಾಲ್ಕು ತಿಂಗಳು ತುಂಬಿದ ಕುರಿಗಳು ಕಂದು ಹಾಕುತ್ತಿವೆ: ದೋಷ ಟಗರಿನದೇ?

ರಾಜಾನುಕುಂಟೆ ರೊಪ್ಪ:
ಯಲಹಂಕ ದಾಟಿದ ಮೇಲೆ ನಮ್ಮ ರೊಪ್ಪ. ಸಾಕಿರುವುದು ಬಂಡೂರು ಕುರಿ. ಈ ಆಷಾಢದಲ್ಲಿ ನಾಲ್ಕು ತಿಂಗಳು ತುಂಬಿದ ಗಬ್ಬದ ಕುರಿಗಳು ಒಂದರ ಹಿಂದೆ ಒಂದು ಕಂದು ಹಾಕಿದವು, ಅಂದರೆ ಗಬ್ಬ ಇಳಿದುಹೋಯಿತು. ಮೇವು ಬದಲಿಸಿಲ್ಲ. ಟಗರು ವರ್ಷಗಳಿಂದ ಒಂದೇ. ಅದರ ಹೆಣ್ಣುಮರಿಗಳೂ ಈಗ ಅದಕ್ಕೇ ಗಬ್ಬವಾಗುತ್ತಿವೆ. ರಕ್ತ ಕೆಟ್ಟಿದೆ, ನಾರಿ ಸುವರ್ಣ ತಳಿಯ ಟಗರು ತನ್ನಿ ಎಂದು ದಲ್ಲಾಳಿಯೊಬ್ಬರು ದುಂಬಾಲು ಬಿದ್ದಿದ್ದಾರೆ. ತರಲೇ?

ನಿವೃತ್ತ ಪಶುವೈದ್ಯ, ಸಂಜಯನಗರ:
ದಲ್ಲಾಳಿಯನ್ನು ಸದ್ಯಕ್ಕೆ ಗೇಟಿನಾಚೆ ನಿಲ್ಲಿಸಿ ಸ್ವಾಮಿ. ತಂದೆ-ಮಗಳ ಕೂಡಿಕೆ ಒಳ್ಳೆಯದಲ್ಲ, ಹುಟ್ಟುವ ಮರಿಯ ಒಳಸಂತಾನ ಪ್ರಮಾಣ (ತಂದೆ-ತಾಯಿ ಇಬ್ಬರಿಂದಲೂ ಒಂದೇ ಪೂರ್ವಜನ ವಂಶವಾಹಿ ಬರುವ ಸಾಧ್ಯತೆ) ಶೇ 25ಕ್ಕೆ ಏರುತ್ತದೆ. ಆದರೆ ವಂಶವಾಹಿ ಕೆಟ್ಟ ಭ್ರೂಣ ಹೆಚ್ಚಾಗಿ ಮೊದಲ ವಾರಗಳಲ್ಲೇ ಕರಗಿಹೋಗುತ್ತದೆ. ಸಾಕಿದವರಿಗೆ ಕಾಣುವುದು ಕುರಿ ಮತ್ತೆ ಬೆದೆಗೆ ಬಂದದ್ದಷ್ಟೇ. ಕುರಿಯ ಗಬ್ಬ ಸುಮಾರು 150 ದಿನ. ಅದರ ಕೊನೆಗೆ ಹೀಗೆ ಸಾಲಾಗಿ ಬಿದ್ದರೆ ನಾನು ಮೊದಲು ಸಂಶಯಪಡುವುದು ಸೋಂಕನ್ನು. ಬ್ರುಸೆಲ್ಲಾ, ಕ್ಲಮಿಡಿಯಾ, ಇಲ್ಲವೇ ಬೆಕ್ಕಿನ ಮಲದಿಂದ ಮೇವಿಗೆ ಸೇರುವ ಟಾಕ್ಸೊಪ್ಲಾಸ್ಮಾ. ಕಂದು ಹಾಕಿದವುಗಳಲ್ಲಿ ಆ ಟಗರಿನ ಮಗಳಲ್ಲದ ಕುರಿ ಇದೆಯೇ?
ಬಿದ್ದ ಮರಿಯನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಮನೆಯಲ್ಲಿ ಬಸುರಿಯರಿದ್ದರೆ ರೊಪ್ಪದ ಹತ್ತಿರವೇ ಬಿಡಬೇಡಿ.

ಹೆಸರಘಟ್ಟದ ಕುರಿಗಾರ:
ಡಾಕ್ಟರ್ ಹೇಳಿದ್ದು ಸರಿ ಅಣ್ಣ. ನಾರಿ ಸುವರ್ಣ ಬೇರೆಯದೇ ಕಥೆ. ಸುಂದರಬನದ ಗರೋಲ್ ಕುರಿಯಲ್ಲಿದ್ದ ಫೆಕ್‌ಬಿ ವಂಶವಾಹಿಯನ್ನು ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯವರು ದಖನಿ ಕುರಿಗೆ ತಂದು ಮಾಡಿದ ತಳಿ ಅದು. ಆ ವಂಶವಾಹಿ ಅಂಡಗಳ ಸಂಖ್ಯೆ ಹೆಚ್ಚಿಸಿ ಅವಳಿ ಕೊಡಿಸುತ್ತದೆಯೇ ಹೊರತು ನಿಂತ ಗಬ್ಬವನ್ನು ಕಾಯುವುದಿಲ್ಲ. ಅದೂ ಟಗರು ತಂದ ಕೂಡಲೇ ಅಲ್ಲ, ಅದರ ಹೆಣ್ಣುಮರಿಗಳು ಈಯುವಾಗ. ಅವಳಿ ಹೊತ್ತ ಕುರಿಗೆ ಕೊನೆಯ ವಾರಗಳಲ್ಲಿ ಹಿಂಡಿ, ಕಾಳು ಹಾಕದಿದ್ದರೆ ತಾಯಿಯೇ ಉಳಿಯುವುದಿಲ್ಲ. ಅಸಲಿ ಬಂಡೂರು ಸಿಗುವುದೇ ಅಪರೂಪ. ಅದನ್ನು ಬೆರಕೆ ಮಾಡುವ ಆತುರವೇಕೆ? ಬೇರೆ ಹಿಂಡಿನ ಬಂಡೂರು ಟಗರನ್ನೇ ಹುಡುಕಿ.

ರಾಜಾನುಕುಂಟೆ ರೊಪ್ಪ:
ಇದೆ ಡಾಕ್ಟರೇ. ಈ ವರ್ಷ ಸಂತೆಯಲ್ಲಿ ಕೊಂಡ ಕುರಿಯೇ ಮೊದಲು ಕಂದು ಹಾಕಿದ್ದು.

ನಿವೃತ್ತ ಪಶುವೈದ್ಯ, ಸಂಜಯನಗರ:
ಹಾಗಾದರೆ ಇದು ತಂದೆ-ಮಗಳ ಕೂಡಿಕೆಯ ದೋಷವಲ್ಲ, ಆ ಕುರಿಯ ಜೊತೆ ಸೋಂಕು ಬಂದಿರಬಹುದು. ಕಂದು ಹಾಕಿದವನ್ನು ಇಂದೇ ಬೇರೆ ಕಟ್ಟಿ. ಟಗರೂ ಸೇರಿ ಎಲ್ಲದರ ರಕ್ತ ತೆಗೆಸಿ ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳುಹಿಸಿ. ಇನ್ನೊಂದು ಬಿದ್ದರೆ ಮರಿ, ಮಾಸು ಎರಡನ್ನೂ ಮಂಜುಗಡ್ಡೆಯಲ್ಲಿಟ್ಟು ಅಂದೇ ಒಯ್ಯಿರಿ. ವರದಿ ಬರುವ ತನಕ ಒಂದು ಕುರಿಯನ್ನೂ ಮಾರಬೇಡಿ, ಹೊಸ ಟಗರನ್ನೂ ಒಳಗೆ ತರಬೇಡಿ. ಹಾಲು ಕುಡಿಯುವವರಿದ್ದರೆ ಕಾಯಿಸಿಯೇ ಕುಡಿಯಲಿ.