ತಲೆಸುತ್ತಿಗೆ ತಜ್ಞರು 'ಟೆನ್ಷನ್' ಅಂದುಬಿಟ್ಟರು, ಇಂಥದ್ದು ಅನುಭವಿಸಿದವರು ಹೇಳಿ

ಪ್ರಶ್ನೆ: ಬಲಮಗ್ಗುಲಾದರೆ ಕೋಣೆಯೆಲ್ಲ ಗಿರ್ರನೆ ತಿರುಗುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ. ನರತಜ್ಞರು ಎಂಆರ್‌ಐ ನಾರ್ಮಲ್ ಇದೆ, ಟೆನ್ಷನ್ ಬಿಡಿ ಅಂತ ಬೀಟಾಹಿಸ್ಟಿನ್ ಮಾತ್ರೆ ಬರೆದುಕೊಟ್ಟರು. ಪೂರ್ತಿ ಹೇಳೋಕೂ ಬಿಡಲಿಲ್ಲ. ನೀವೆಲ್ಲ ಏನು ಮಾಡಿದಿರಿ?

ತುಂಬೆಹೂ: ಎಂಆರ್‌ಐ ನಾರ್ಮಲ್ ಬರದೆ ಇನ್ನೇನು ಬರುತ್ತೆ? ಹೀಗೆ ಸುತ್ತು ತರಿಸೋದು ಒಳಕಿವಿಯ ಕಾಲುವೆಗೆ ಜಾರಿದ ಸುಣ್ಣದ ಹರಳು, ಅದು ಸ್ಕ್ಯಾನ್‌ಗೆ ಕಾಣುವಷ್ಟು ದೊಡ್ಡದಲ್ಲ. ನನಗೂ ಎಂಆರ್‌ಐ, ಕುತ್ತಿಗೆ ಎಕ್ಸ್‌ರೇ, ಇಸಿಜಿ, ಕಿವಿ ಕೇಳೋದನ್ನ ಅಳೆಯೋ ಆಡಿಯೋಗ್ರಾಮ್ ಅಂತ ದುಡ್ಡು ಸುರಿಸಿದ ಮೇಲೆ ಸಿಕ್ಕಿದ್ದು ಕುತ್ತಿಗೆಗೊಂದು ಕಾಲರ್. ಬರೀ ಮಂಚ ಸಾಕಾಗೋ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾತ್ರ ಯಾರೂ ಮಾಡಲಿಲ್ಲ. 1952ರಿಂದ ಇದೆ ಅದು! ತಲೆ 45 ಡಿಗ್ರಿ ತಿರುಗಿಸಿ, ಬೇಗನೆ ಮಲಗಿಸಿ, ಕಣ್ಣು ನೋಡಬೇಕು. ಕೆಲವು ಸೆಕೆಂಡ್ ತಡೆದು ಕಣ್ಣುಗುಡ್ಡೆ ಕೆಳಗಿನ ಕಿವಿ ಕಡೆ ತಿರುಚುತ್ತಾ ಮೇಲಕ್ಕೆ ಜಿಗಿದರೆ ಹರಳು ಇರೋದು ಒಳಕಿವಿಯ ಹಿಂದಿನ ಕಾಲುವೆಯಲ್ಲೇ.

ನನಗೆ ಕೆಲಸ ಮಾಡಿದ್ದು ಮನೇಲಿ ಮಾಡಿಕೊಂಡ ಎಪ್ಲಿ, ಅಂದರೆ ತಲೆ ತಿರುಗಿಸಿ ಹರಳನ್ನು ವಾಪಸ್ ಜಾಗಕ್ಕೆ ಸೇರಿಸೋ ವಿಧಾನ. ಬಲಗಿವಿಯಾದರೆ ಕೂತು ತಲೆ ಬಲಕ್ಕೆ 45 ಡಿಗ್ರಿ, ಹೆಗಲಡಿಗೆ ದಿಂಬು ಬರೋ ಹಾಗೆ ಮಲಗಿ ತಲೆ ಹಿಂದಕ್ಕೆ ಬಾಗಲಿ. ಹಾಗೇ ತಲೆ ಎಡಕ್ಕೆ 90. ಆಮೇಲೆ ಮೈಸಮೇತ ಎಡಮಗ್ಗುಲು, ಮೂಗು ನೆಲದ ಕಡೆ. ಕೊನೆಗೆ ಕಾಲು ಇಳಿಬಿಟ್ಟು ಎದ್ದು ಕೂರೋದು. ಪ್ರತಿ ಭಂಗಿಯಲ್ಲೂ 30ರಿಂದ 60 ಸೆಕೆಂಡ್. ಸುತ್ತು ನಿಂತ ತಕ್ಷಣ ಏಳಬೇಡಿ, ಎಲ್ಲರೂ ಎಡವೋದು ಅಲ್ಲೇ.

ಬೆಳ್ಳಕ್ಕಿ: ಹೀಗೆ ಬರೆದುಬರೆದೇ ಜನ ಕೆಡೋದು. ನನ್ನದು ಹಿಂದಿನ ಕಾಲುವೆಯದೇ ಇತ್ತು, ಎಪ್ಲಿ ಮಾಡುವಾಗ ಹರಳು ಪಕ್ಕದ ಅಡ್ಡ ಕಾಲುವೆಗೆ ಹೋಯ್ತು. ಆಮೇಲೆ ಯಾವ ಮಗ್ಗುಲಾದರೂ ಸುತ್ತು, ಬಕೆಟ್ ಇಟ್ಟುಕೊಂಡು ಮಲಗೋ ಹಾಗಾಯ್ತು. ಅದಕ್ಕೆ ಎಪ್ಲಿ ನಡೆಯಲ್ಲ, ಉರುಳಿಸೋ ವಿಧಾನವೇ ಬೇರೆ. ಕಣ್ಣು ಅಡ್ಡಡ್ಡ ಓಡುತ್ತಾ ಅಂತ ನೋಡೋರು ಒಬ್ಬರು ಎದುರಿಗಿರಲೇಬೇಕು.

ತುಂಬೆಹೂ: ನಿಮಗೆ ಆಗಿದ್ದು ಎಲ್ಲರಿಗೂ ಆಗುತ್ತಾ ರೀ? ನೋಡಬೇಕಾದವರು ನೋಡದೇ ಇದ್ದಿದ್ದಕ್ಕೇ ತಾನೇ ಮನೇಲಿ ಮಾಡಿಕೊಂಡಿದ್ದು!

ಬೆಳ್ಳಕ್ಕಿ: ಕುತ್ತಿಗೆ ಸವೆದವರು, ಕತ್ತಿನ ರಕ್ತನಾಳ ಕಟ್ಟಿಕೊಂಡವರು ನಿಮ್ಮ ಮಾತು ಕೇಳಿ ತಲೆ ಜೋತುಬಿಟ್ಟರೆ ಜವಾಬ್ದಾರಿ ಯಾರದು? ಎರಡೆರಡು ಕಾಣೋದು, ಮಾತು ತೊದಲೋದು, ಕೈಕಾಲು ಸೋಲೋದು ಇದ್ದರೆ ಇದು ಹರಳಿನದ್ದೇ ಅಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು. ಒಂದು ಸಾಲು ಬರೆಯಬಾರದಿತ್ತಾ?

ಹೊಂಗೆನೆರಳು: ಇಬ್ಬರೂ ಮಾತ್ರೆ ವಿಷಯವೇ ಎತ್ತಲಿಲ್ಲ. ಬೀಟಾಹಿಸ್ಟಿನ್ ಮೆನಿಯರ್ ಅನ್ನೋ ಬೇರೆ ಒಳಕಿವಿ ಕಾಯಿಲೆಗೆ ಕೊಡೋದು, ಜಾರಿದ ಹರಳನ್ನು ಅದು ವಾಪಸ್ ತರಲ್ಲ. ನಮ್ಮ ತಾಯಿಗೆ ತಲೆಸುತ್ತಿನ ಇನ್ನೊಂದು ಮಾತ್ರೆ ಸಿನ್ನರಿಜಿನ್ ನಿಲ್ಲಿಸದೇ ಕೊಟ್ಟರು. ನಡಿಗೆ ನಿಧಾನವಾಯ್ತು, ಕೈ ನಡುಕ ಶುರುವಾಯ್ತು, ವಯಸ್ಸಿನದು ಅಂದುಬಿಟ್ಟರು. ವಯಸ್ಸಾದವರಿಗೆ ಆ ಮಾತ್ರೆಯಿಂದಲೇ ಪಾರ್ಕಿನ್ಸನ್ ಥರದ ಲಕ್ಷಣ ಬರುತ್ತೆ ಅಂತ ಹೇಳಿದ್ದು ಬೇರೆ ಡಾಕ್ಟರು. ಬಿಡಿಸಿದ ಮೇಲೆ ತಿಂಗಳುಗಟ್ಟಲೆ ಹಿಡೀತು ಸುಧಾರಿಸೋಕೆ. ವಾಂತಿ ತಡೆಯೋಕೆ ಒಂದೆರಡು ದಿನ ಸರಿ, ಅದಕ್ಕಿಂತ ಹೆಚ್ಚು ನುಂಗಿದರೆ ಮೆದುಳು ಸಮತೋಲ ಕಲಿಯೋದು ತಡವಾಗುತ್ತೆ.

ಬೆಳ್ಳಕ್ಕಿ: ಮಾತ್ರೆ ಬಿಡಿ ಅಂತ ಇಲ್ಲಿ ಹೇಳೋದೂ ತಪ್ಪೇ.

ಹೊಂಗೆನೆರಳು: ಬಿಡಿ ಅಂದಿಲ್ಲ ಅಕ್ಕ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ ಅಂತಿದ್ದೀನಿ. ಪ್ರಶ್ನೆ ಕೇಳಿದವರು ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ. ಟೈಮ್ ತಗೊಳ್ಳುವಾಗಲೇ ಫೋನಲ್ಲಿ ಕೇಳಿ, ಡಿಕ್ಸ್-ಹಾಲ್‌ಪೈಕ್ ಮಾಡ್ತಾರಾ ಅಂತ. ಸುತ್ತು ಬರುವಾಗ ಮನೆಯವರ ಕೈಲಿ ಕಣ್ಣಿನ ವಿಡಿಯೋ ಹತ್ತಿರದಿಂದ ತೆಗೆಸಿಕೊಳ್ಳಿ, ಯಾವ ಮಗ್ಗುಲು, ಎಷ್ಟು ಸೆಕೆಂಡ್ ಅಂತ ಬರೆದಿಡಿ. ಅದನ್ನು ಎದುರಿಗಿಟ್ಟರೆ 'ಟೆನ್ಷನ್' ಅನ್ನೋಕೆ ಆಗಲ್ಲ.